ಉತ್ತರ ಮಾಸ್ಟ್ರು

ನಮ್ಮ ಬಲ್ಮಠದ ಕಡೆ ಅವರಿಗೆ ಉತ್ತರ ಮಾಸ್ಟ್ರು ಎಂದು ಹೆಸರು. ದಿಕ್ಕಿಗೂ ಈ ಹೆಸರಿಗೂ ಸಂಬಂಧವಿಲ್ಲ. ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ನಿವೃತ್ತರಾದ ಮೇಲೆ, ಯಾರೂ ಕೇಳದ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾ ತಿರುಗುವುದೇ ಅವರ ಕೆಲಸ. ಕಂಕನಾಡಿಯಲ್ಲಿ ಬಸ್ಸು ಹತ್ತಿದಾಗ ಪಕ್ಕದವನು ಬಾಯಿ ತಪ್ಪಿ "ಎಂಥ ಸೆಕೆ ಅಲ್ವಾ?" ಅಂದರೆ ಸಾಕು, ಹಂಪನಕಟ್ಟೆ ಬರುವಷ್ಟರಲ್ಲಿ ಸೃಷ್ಟಿ ಮುಗಿದು ನೋಹನ ನಾವೆ ತೇಲುತ್ತಿರುತ್ತದೆ. ಪಕ್ಕದವನು ಅದಕ್ಕೂ ಮೊದಲೇ ಜ್ಯೋತಿ ಸ್ಟಾಪಿನಲ್ಲಿ ಇಳಿದು ಪಾರಾಗಿರುತ್ತಾನೆ.

1834ರಲ್ಲಿ ಬಾಸೆಲ್ ಮಿಶನ್ನಿನಿಂದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರಷ್ಟೆ. ನಾಲ್ಕನೆಯವರಿಗೆ ಹಡಗು ತಪ್ಪಿತು, ಅವರೇ ನಮ್ಮ ಮಾಸ್ಟ್ರು ಎಂಬುದು ಸಭೆಯ ಯುವಕರ ಸಂಶೋಧನೆ.

ಮಾಸ್ಟ್ರ ಜೇಬಿನಲ್ಲೊಂದು ಡೈರಿ ಉಂಟು. ವಾದದ ಫಲಿತಾಂಶಗಳೆಲ್ಲ ಅದರಲ್ಲಿ ದಾಖಲು. "ಪೋಸ್ಟ್‌ಮ್ಯಾನ್: ಗೆಲುವು. ಮೀನಿನ ಹೆಂಗಸು: ಗೆಲುವು. ವಿಮಾ ಏಜೆಂಟ್: ಸಮ ಸಮ (ಪಾಲಿಸಿ ಮಾಡಿಸಿದೆ)." ಹೀಗೆ ಸೋತವರಲ್ಲಿ ಒಬ್ಬರಾದರೂ ಭಾನುವಾರ ಚರ್ಚಿಗೆ ಬಂದದ್ದನ್ನು ನಾನು ಕಾಣೆ. ಪೋಸ್ಟ್‌ಮ್ಯಾನ್ ಈಗ ಕಾಗದವನ್ನು ಗೇಟಿನ ಸರಳಿಗೆ ಸಿಕ್ಕಿಸಿ ಓಡುತ್ತಾನೆ. ಮೀನಿನವಳು ಅವರ ಮನೆಯ ಮುಂದೆ ಬಂದಾಗ ಮಾತ್ರ ಕೂಗುವುದಿಲ್ಲ. ಬಂಗುಡೆ ತಿನ್ನದೆ ತಿಂಗಳಾಯಿತು ಎಂದು ಟೀಚರಮ್ಮ, ಅಂದರೆ ಮಾಸ್ಟ್ರ ಹೆಂಡತಿ, ಗೊಣಗಿದ್ದನ್ನು ನಾನೇ ಕೇಳಿದ್ದೇನೆ.

ಈ ಎಲ್ಲಕ್ಕೂ ಆಧಾರ ಪೇತ್ರನ ಮೊದಲ ಪತ್ರಿಕೆ, 3ನೇ ಅಧ್ಯಾಯ, 15ನೇ ವಚನ. ನಿಮ್ಮ ನಿರೀಕ್ಷೆಗೆ ಕಾರಣವೇನೆಂದು ಕೇಳಿದವರಿಗೆ ಉತ್ತರ ಹೇಳಲು ಸದಾ ತಯಾರಿರಬೇಕು ಎಂಬ ಅರ್ಥದ್ದು. ಮಾಸ್ಟ್ರು ಅಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ಆ ಉತ್ತರ ಸಾತ್ವಿಕವಾಗಿರಬೇಕು, ಗೌರವದಿಂದಿರಬೇಕು ಎಂದು ಪೇತ್ರ ಮುಂದೆ ಬರೆದದ್ದನ್ನು ಅವರು ಲೆಕ್ಕದ ಪುಸ್ತಕದ ಅಡಿಟಿಪ್ಪಣಿಯ ಹಾಗೆ ಹಾರಿಸಿದ್ದಾರೆ. "ಕೇಳಿದವರಿಗೆ" ಎಂಬ ಪದವನ್ನಂತೂ ಬಿಡಿ.

ಒಮ್ಮೆ ಯಾವುದೋ ಪದದ ಜಗಳಕ್ಕೆ ಕಿಟೆಲ್ ನಿಘಂಟನ್ನು ಎರಡೂ ಕೈಯಲ್ಲಿ ಹೊತ್ತು ಹೊರಟಿದ್ದರು. ಟೀಚರಮ್ಮ ಬಾಗಿಲಲ್ಲಿ ತಡೆದರು. "ಕಿಟೆಲ್ ಬಂದದ್ದು 1853ರಲ್ಲಿ, ಇದು ಅಚ್ಚಾದದ್ದು 1894ರಲ್ಲಿ. ನಡುವೆ ಊರಿಗೆ ಹೋಗಿ ಬಂದದ್ದು ಬಿಟ್ಟರೂ ಎಷ್ಟು ವರ್ಷ ನಮ್ಮವರ ಮಾತು ಕೇಳಿದ್ದಾರೆ, ಲೆಕ್ಕ ಹಾಕಿ ಮಾಸ್ಟ್ರೇ. ಕಿವಿ ಇಲ್ಲದೆ ಇದಾಗ್ತಿತ್ತಾ? ನಿಮ್ಮದು ಬರೀ ಬಾಯಿ." ಮಾಸ್ಟ್ರು ನಿಘಂಟು ಕೆಳಗಿಟ್ಟರು. ಭಾರಕ್ಕೆ ಎಂದು ಆಮೇಲೆ ಹೇಳಿದರು.

ಅವರು ಬಾಯಿ ಮುಚ್ಚುವ ಜಾಗ ಊರಿಗೆ ಒಂದೇ, ಸೆಲೂನು. ಕತ್ತಿ ಗಂಟಲ ಮೇಲಿದ್ದಾಗ ಯಾರೂ ವಾದ ಮಾಡುವುದಿಲ್ಲ. ಅಲ್ಲಿ ಸೆಲೂನಿನವ ಮಾತಾಡುತ್ತಾನೆ, ಮಾಸ್ಟ್ರು ನೊರೆಯೊಳಗೆ ಕೇಳುತ್ತಾರೆ. ಬಾಡಿಗೆ, ತಮ್ಮನ ಪಾಲಿನ ತಕರಾರು, ಬಿಡದ ಜ್ವರಕ್ಕೆ ಆಸ್ಪತ್ರೆ ಸೇರಿದ ಮಗಳು. ಆ ಮಗುವಿಗೆಂದು ಟೀಚರಮ್ಮ ಗಂಜಿ ಕೊಟ್ಟು ಕಳಿಸಿದರು. ಮಾಸ್ಟ್ರು ತೂಕುಪಾತ್ರೆ ಹಿಡಿದು ಹೋದರು. ಅಪ್ಪ ಎರಡು ರಾತ್ರಿ ಕಣ್ಣು ಮುಚ್ಚಿಲ್ಲ ಎಂದು ಕಂಡು, ತಾವೇ ಬೆಂಚಿನ ಮೇಲೆ ಕೂತರು. ಮಗು ಮಲಗಿತ್ತು, ವಾದಕ್ಕೆ ಜನವಿರಲಿಲ್ಲ. ಡೈರಿಯಲ್ಲಿ ಆ ದಿನದ ಪುಟ ಖಾಲಿ.

ಹೋದ ವಾರ ಸೆಲೂನಿನಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಮಾಸ್ಟ್ರ ಒಂದು ಕೆನ್ನೆ ಮುಗಿದಿತ್ತು. ಸೆಲೂನಿನವ ಕತ್ತಿ ಎತ್ತಿ ಹಿಡಿದು, "ಮಾಸ್ಟ್ರೇ, ಒಂದು ಕೇಳ್ಲಾ? ನೀವು ಆವತ್ತು ರಾತ್ರಿಯಿಡೀ ಕೂತದ್ದು ಎಂತಕ್ಕೆ? ನಿಮ್ಮ ಯೇಸು ಹಾಗೆ ಮಾಡ್ಲಿಕ್ಕೆ ಹೇಳಿದ್ದಾ?" ಅಂದ.

ನಾನು ಪೇಪರು ಕೆಳಗಿಟ್ಟೆ. ನಲವತ್ತು ವರ್ಷದಿಂದ ಯಾರಾದರೂ ಕೇಳಲಿ ಎಂದು ಕಾದಿದ್ದ ಪ್ರಶ್ನೆ. ಕತ್ತಿಯೂ ದೂರವಿತ್ತು. ಮಾಸ್ಟ್ರ ಬಾಯಿ ತೆರೆಯಿತು, ಸ್ವಲ್ಪ ನೊರೆ ಒಳಗೆ ಹೋಯಿತು, ಮುಚ್ಚಿತು.

"ಹೌದು ಮಾರಾಯ," ಅಂದರು ಕೊನೆಗೆ. "ಮಗು ಈಗ ಸರಿ ಊಟ ಮಾಡ್ತದಾ?"

ಮತ್ತೆ ಇನ್ನೊಂದು ಕೆನ್ನೆ ತಿರುಗಿಸಿದರು.