ಸೊಂಟದ ಪಿಸ್ತೂಲು: ಬಳಕೆದಾರರ ಕೈಪಿಡಿ

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಿಗೆ ಮಾತ್ರ. ದಾವಣಗೆರೆ ಪೇಟೆಯವರು ಓದಿದರೆ ಅವರ ಹಣೆಬರಹ.)

ಯಾರಿಗಾಗಿ

ರಾಶಿ ಅಡಿಕೆ ಕ್ವಿಂಟಲಿಗೆ ಐವತ್ತು ಸಾವಿರದ ಆಚೀಚೆ ಆಡಲು ಶುರುವಾದ ಮೇಲೆ ನಮ್ಮ ಕಡೆಯ ತೋಟದ ಗೌಡರು ಹಳೇ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಹಾಕಿಸಿದರು, ಬಿಳೀ ಕಾರು ತಂದರು. ಇಷ್ಟಾದ ಮೇಲೂ ಏನೋ ಒಂದು ಕಮ್ಮಿ ಅನ್ನಿಸುತ್ತದೆ. ಚನ್ನಗಿರಿಯ ತುಮ್ಕೋಸ್ ಅಡಿಕೆ ಸಂಘದ ಅಂಗಳದಲ್ಲಿ ಚೀಲ ತೂಗಿಸಿ, ಚಹಾ ಕುಡಿದು, ಬಲಗೈಯಲ್ಲಿ ಸೊಂಟವನ್ನೊಮ್ಮೆ ಸವರಿಕೊಂಡು, "ಇಲ್ಲೊಂದು ಸಣ್ಣದು ಇದ್ದಿದ್ರೆ..." ಅಂತ ಅರ್ಧಕ್ಕೇ ಮಾತು ನಿಲ್ಲಿಸುವವರನ್ನು ನೀವೂ ನೋಡಿರುತ್ತೀರಿ. ಈ ಕೈಪಿಡಿ ಆ ಅರ್ಧ ಮಾತಿಗೆ.

ಮಾದರಿಯನ್ನು ಆರಿಸುವುದು

ನೀವು ಆರಿಸುವುದಿಲ್ಲ. ನಿಮ್ಮ ಪರವಾಗಿ 1959ರ ಆಯುಧ ಕಾಯ್ದೆ ಆಗಲೇ ಆರಿಸಿಟ್ಟಿದೆ.

ಸಿನಿಮಾದಲ್ಲಿ ಹೀರೋ ಹಿಡಿಯುವಂಥದ್ದು, ಒಂಬತ್ತು ಎಂ.ಎಂ.ನದು, ನಮಗೆ ನಿಮಗೆ ನಿಷೇಧಿತ. ಅದು ಪೊಲೀಸರಿಗೆ, ಸೈನ್ಯಕ್ಕೆ. ಹಾಗಾಗಿ ಅಳಿಯ ಮೊಬೈಲಿನಲ್ಲಿ ತೋರಿಸಿದ ಪರದೇಶದ ಪಟ್ಟಿಯನ್ನು ಮಡಚಿಡಿ. ಉಳಿದದ್ದು ಮುಖ್ಯವಾಗಿ ಮೂವತ್ತೆರಡರ ಬೋರು, ಸರ್ಕಾರಿ ಕಾರ್ಖಾನೆಯ ಮಾಲು. ಪಿಸ್ತೂಲೇ ಆಗಬೇಕೆಂದರೆ 'ಅಶನಿ' ಇದೆ. ಹೆಸರು ಚೆನ್ನಾಗಿದೆ, ಸಿಡಿಲು ಎಂದರ್ಥ. ಸಿಡಿಲಿಗೆ ಹೆದರಿ ಅಡಿಕೆ ಗೊನೆ ಇಳಿಸದವರು ಸಿಡಿಲನ್ನೇ ಸೊಂಟಕ್ಕೆ ಕಟ್ಟುವುದು ಹೇಗೆ ಎಂಬುದನ್ನು ನೀವೇ ಬಗೆಹರಿಸಿಕೊಳ್ಳಿ.

ಇನ್ನೂ ಸಣ್ಣದು, ಹಗುರದ್ದು ಬೇಕೆಂದರೆ 'ನಿರ್ಭೀಕ್'. ಇದು ಪಿಸ್ತೂಲಲ್ಲ, ರಿವಾಲ್ವರು. ದಿಲ್ಲಿಯ ನಿರ್ಭಯಾ ಪ್ರಕರಣದ ನಂತರ ಹೆಣ್ಣುಮಕ್ಕಳಿಗೆಂದು ಕಾನ್ಪುರದ ಕಾರ್ಖಾನೆ 2014ರ ಜನವರಿಯಲ್ಲಿ ಹೊರತಂದದ್ದು. ಅರ್ಧ ಕಿಲೊ ತೂಕ, ಆರು ಗುಂಡು, ಆಗಿನ ಬೆಲೆ 1,22,360 ರೂಪಾಯಿ. ನಮ್ಮ ಲೆಕ್ಕದಲ್ಲಿ ಸುಮಾರು ಎರಡೂವರೆ ಕ್ವಿಂಟಲ್ ರಾಶಿ. ಬೆಲೆ ಕೇಳಿದವರು ಆಗಲೇ ಕೇಳಿದ್ದರು, ಇಷ್ಟು ದುಡ್ಡು ಇರುವ ಹೆಣ್ಣುಮಗಳು ರಾತ್ರಿ ಬಸ್ಸಿಗೆ ಯಾಕೆ ಕಾಯುತ್ತಾಳೆ ಎಂದು. ಉತ್ತರ ಬಂದದ್ದು ನನಗೆ ನೆನಪಿಲ್ಲ. ನಮ್ಮ ಗೌಡರಿಗೆ ಮುಖ್ಯವಾದ ಸಂಗತಿ ಬೇರೆ: ಅದನ್ನು ಮಾರಿದ್ದು ಒಡವೆ ಅಂಗಡಿಯವರು ಕೊಡುವಂಥ ಕೆಂಗಂದು ಬಣ್ಣದ ಡಬ್ಬಿಯಲ್ಲಿ.

ಎಚ್ಚರಿಕೆ: ಈ ಡಬ್ಬಿಯನ್ನು ಮನೆಯ ಯಜಮಾನತಿಯ ಎದುರಿಗೆ ತೆರೆಯಬೇಡಿ. ಇಪ್ಪತ್ತು ವರ್ಷದಿಂದ ಅವಲಕ್ಕಿ ಸರ ಕೇಳುತ್ತಿರುವವರು ಡಬ್ಬಿ ನೋಡಿ ಒಂದು ನಿಮಿಷ ಖುಷಿಪಟ್ಟರೆ, ಆಮೇಲಿನ ನಿಮಿಷಕ್ಕೆ ಆರು ಗುಂಡು ಸಾಲುವುದಿಲ್ಲ.

ಅಳತೆಯ ವಿಚಾರ

ಕಾಯ್ದೆಗೆ ಗಿಡ್ಡದ್ದನ್ನು ಕಂಡರೆ ಗುಮಾನಿ, ಉದ್ದದ್ದನ್ನು ಕಂಡರೆ ಅಷ್ಟಿಲ್ಲ. ನಳಿಗೆ ಇಪ್ಪತ್ತು ಇಂಚಿಗೆ ಕಮ್ಮಿಯಿಲ್ಲದ, ಒಳಗೆ ಗೀರಿಲ್ಲದ ಬಂದೂಕನ್ನು ರಕ್ಷಣೆಗೋ ಆಟಕ್ಕೋ ಕೇಳಿದರೆ, ಬೆಳೆ ಕಾಯಲು ಮದ್ದು ತುಂಬುವ ಕೋವಿ ಕೇಳಿದರೆ, ತಕರಾರಿಲ್ಲದಿದ್ದಲ್ಲಿ ಕೊಡಬೇಕು ಎಂದೇ 13ನೇ ಕಲಮು ಹೇಳುತ್ತದೆ. ನಿಮ್ಮ ತಾತ ತೋಟದ ಮನೆಯ ಮೊಳೆಗೆ ನೇತುಹಾಕಿದ್ದು ಅಂಥದ್ದೇ. ಹಂದಿಗೆ, ಮಂಗಕ್ಕೆ ಹೆದರಿಕೆ ಇರಲಿ ಅಂತ. ಊರಿಗೆಲ್ಲ ಕಾಣುವಂತೆ ಹೆಗಲ ಮೇಲೆ ಹಾಕಿಕೊಂಡು ಹೋಗುತ್ತಿದ್ದರು, ಯಾರೂ ತಿರುಗಿ ನೋಡುತ್ತಿರಲಿಲ್ಲ. ಅವರ ಮೊಮ್ಮಗನಿಗೆ ಬೇಕಿರುವುದು ಯಾರಿಗೂ ಕಾಣದಂಥದ್ದು, ಆದರೆ ಎಲ್ಲರೂ ತಿರುಗಿ ನೋಡಬೇಕು.

ಇಷ್ಟು ತಾಪತ್ರಯ ಯಾಕೆ ಎಂದು ಬೇಸರಪಡುವವರು ಒಮ್ಮೆ ಹಲಗಲಿಯ ಬೇಡರನ್ನು ನೆನೆಯಬಹುದು. 1857ರಲ್ಲಿ ಆಯುಧ ಬರೆಸಿ ಒಪ್ಪಿಸಿ ಎಂಬ ಕಾನೂನನ್ನು ಒಪ್ಪದೆ ಊರನ್ನೇ ಕಳಕೊಂಡರು. ನಿಮ್ಮನ್ನು ಕೇಳುತ್ತಿರುವುದು ಬರೀ ಜೆರಾಕ್ಸು.

ಅರ್ಜಿ

ವಯಸ್ಸು 21 ಆಗಿರಬೇಕು. ಡಾಕ್ಟರು ದೇಹ ನೆಟ್ಟಗಿದೆ, ತಲೆಯೂ ನೆಟ್ಟಗಿದೆ ಎಂದು ಬರೆದುಕೊಡಬೇಕು. ಎರಡನೆಯದಕ್ಕೆ ಮನೆಯವರ ಸಾಕ್ಷಿ ಕೇಳುವುದಿಲ್ಲ, ಧೈರ್ಯವಾಗಿರಿ. ಅರ್ಜಿ ಹೋಗುವುದು ದಾವಣಗೆರೆಗೆ, ಡಿಸಿ ಸಾಹೇಬರ ಹತ್ತಿರ. ಮೊದಲು ಚನ್ನಗಿರಿ, ಹೊನ್ನಾಳಿಯವರು ಇಂಥ ಕೆಲಸಕ್ಕೆ ಶಿವಮೊಗ್ಗದ ದಾರಿ ಹಿಡಿಯಬೇಕಿತ್ತು, ಜಗಳೂರಿನವರು ಚಿತ್ರದುರ್ಗದ್ದು. ಕಾರಿಗನೂರಿನ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆಯಾಗಿ ನಾಲ್ಕೂ ಕಡೆಯವರ ಅಲೆದಾಟ ಒಂದೇ ಕಚೇರಿಗೆ ಆಯಿತು.

ಅರ್ಜಿಯ ಕಷ್ಟದ ಭಾಗ ಕಾರಣ ಬರೆಯುವುದು. ಜೀವವನ್ನೋ ಆಸ್ತಿಯನ್ನೋ ಕಾಯಲು ನಿಜವಾದ ಅಗತ್ಯ ಇದೆಯೇ ಎಂಬುದನ್ನು ಅಧಿಕಾರಿ ನೋಡಬೇಕು. ಉಗ್ರಗಾಮಿಗಳ ಹಾವಳಿಯಿರುವ ಸೀಮೆಗಳ ಮಾತು ನಿಯಮದಲ್ಲಿ ಬರುವುದು ನಿಷೇಧಿತ ಆಯುಧ ಕೇಳುವವರಿಗೆ. ನಮ್ಮಲ್ಲಿ ಉಗ್ರರೆಂದರೆ ಬದುವಿನ ಮೇಲೆ ಎರಡು ಗೇಣು ಒತ್ತಿ ಬೇಲಿ ಹಾಕಿದ ದೊಡ್ಡಪ್ಪನ ಮಗ. ಅದನ್ನೇ ಬರೆದರೆ ಏನಾಗುತ್ತದೆ? ಹೇಳುತ್ತೇನೆ, ಕೇಳಿ.

ಪೊಲೀಸ್ ವರದಿಗೆ ಪೇದೆ ಊರಿಗೆ ಬರುತ್ತಾರೆ. ಬಂದವರು ನಿಮ್ಮ ಮನೆಗೆ ಬರುವ ಮೊದಲು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಿಲ್ಲುತ್ತಾರೆ.

"ಈ ಗೌಡ್ರು ಹೆಂಗೆ?"

"ಒಳ್ಳೇರೇ ಸಾರ್. ಯಾಕೆ?"

"ಏನಿಲ್ಲ, ಪಿಸ್ತೂಲ್ ಕೇಳ್ಯಾರೆ."

ಅಂಗಡಿಯವನು ಆ ಗಿರಾಕಿಯ ಹತ್ತಿರ ದುಡ್ಡು ತಗೊಳ್ಳುವುದನ್ನೂ ಮರೆಯುತ್ತಾನೆ. ಸಂಜೆಯೊಳಗೆ ದೊಡ್ಡಪ್ಪನ ಮಗನಿಗೆ ಗೊತ್ತು, ಅವನ ಮಾವನ ಊರಿಗೆ ಗೊತ್ತು. ಹಾಲಿನ ಡೇರಿಯಲ್ಲಿ ನಿಮ್ಮ ಹೆಂಡತಿಗೆ ಸರತಿಯಲ್ಲಿ ಮುಂದೆ ಜಾಗ ಬಿಡುತ್ತಾರೆ. ಪಿಸ್ತೂಲು ಇನ್ನೂ ಕಾರ್ಖಾನೆಯಲ್ಲೇ ಇದೆ, ನಿಮ್ಮ ಸೊಂಟದಲ್ಲಿ ಇರುವುದನ್ನು ಆಗಲೇ ನಾಲ್ಕು ಜನ ಕಣ್ಣಾರೆ ಕಂಡಿರುತ್ತಾರೆ. ಎಷ್ಟೋ ಜನಕ್ಕೆ ಇಷ್ಟೇ ಸಾಕಾಗುತ್ತದೆ. ಅಂಥವರು ಈ ಪುಟದಲ್ಲೇ ಓದುವುದನ್ನು ನಿಲ್ಲಿಸಿ ದುಡ್ಡು ಉಳಿಸಬಹುದು.

ಧರಿಸುವ ಕ್ರಮ

ಗೌಡರಿಗೆ ಗೊತ್ತಿಲ್ಲದ ಒಂದು ಮಾತು. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್ ಇರುವವರೂ ನಾಲ್ಕು ಜನರಿರುವ ಕಡೆ ಅದನ್ನು ಒರೆಯಲ್ಲೋ ಅಂಥದೇ ಚೀಲದಲ್ಲೋ ಇಟ್ಟು, ಪೂರ್ತಿ ಮುಚ್ಚಿಕೊಂಡಿರಬೇಕು. ಅಂದರೆ ಬಚ್ಚಿಟ್ಟುಕೊಳ್ಳುವುದು ನಿಮ್ಮ ಷೋಕಿಯಲ್ಲ, ಸರ್ಕಾರದ ಆಜ್ಞೆ. ಮದುವೆ ಮೆರವಣಿಗೆಯಲ್ಲಿ ಹೊರಗೆ ತೆಗೆದು ಆಕಾಶಕ್ಕೆ ಒಂದು ಈಡು ಹಾರಿಸಿದಿರೋ, 2019ರ ತಿದ್ದುಪಡಿ ಅದಕ್ಕೆಂದೇ ಬೇರೆ ಕಲಮು ಮಾಡಿದೆ: ಎರಡು ವರ್ಷದವರೆಗೆ ಜೈಲು, ಇಲ್ಲವೆ ಒಂದು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ತೋರಿಸಲಿಕ್ಕೆಂದು ಕೊಂಡದ್ದನ್ನು ಮುಚ್ಚಿಡಲಿಕ್ಕೆಂದೇ ಲೈಸೆನ್ಸ್ ಕೊಡುತ್ತಾರೆ.

ಸರಿ, ಎಲ್ಲಿ ಮುಚ್ಚಿಡುವುದು? ಒರೆ ತಯಾರಿಸುವವರು ಪ್ಯಾಂಟು, ಬೆಲ್ಟು ಎಂದು ಲೆಕ್ಕ ಹಾಕಿದ್ದಾರೆ. ಪಂಚೆಯ ವಿಚಾರ ಅವರಿಗೆ ಹೊಳೆದಿಲ್ಲ. ಪಂಚೆಗೆ ಅರ್ಧ ಕಿಲೊ ಕಬ್ಬಿಣ ಸಿಕ್ಕಿಸಿ, ಮಡಿಚಿ ಕಟ್ಟಿ, ಹೊನ್ನಾಳಿ ಬಸ್ಸಿನ ಮೆಟ್ಟಿಲು ಹತ್ತಿ ನೋಡಿ. ಜೀವಕ್ಕಿಂತ ಮೊದಲು ಮಾನ ಕಾಯಬೇಕಾದ ಪ್ರಸಂಗ ಬರುತ್ತದೆ. ಉಡಿದಾರಕ್ಕೆ ಕಟ್ಟಿದರೆ? ಉಡಿದಾರ ಹುಟ್ಟಿದ್ದು ತಾಯತ ಹೊರಲಿಕ್ಕೆ. ಬನಿಯನ್ ಜೇಬು ನೋಟಿಗೆ ಮೀಸಲು. ಇನ್ನುಳಿದದ್ದು ಎಲೆಅಡಿಕೆ ಸಂಚಿ. ಅಲ್ಲಿ ಸುಣ್ಣದ ಡಬ್ಬಿ, ಅಡಕತ್ತರಿ, ಹೊಗೆಸೊಪ್ಪಿನ ಜೊತೆ ಅದೂ ಕೂತರೆ ಮುಚ್ಚಿಟ್ಟದ್ದು ನಿಜವೇ, ಆದರೆ ಪಂಕ್ತಿ ಊಟದ ಮೇಲೆ ಪಕ್ಕದವರು "ಎಲ್ಲಿ, ಸಂಚಿ ಇಲ್ಕೊಡ್ರಿ" ಎಂದು ಕೈ ಹಾಕುವುದನ್ನು ಯಾವ ನಿಯಮವೂ ತಡೆಯಲಾರದು. ಜೊತೆಗೆ ಸುಣ್ಣ ಕೂತ ಪಿಸ್ತೂಲು ಯಾರ ಮಾತನ್ನೂ ಕೇಳುವುದಿಲ್ಲ.

ತಾಲ್ಲೂಕುವಾರು ಸೂಚನೆ

ಹೊನ್ನಾಳಿ: ಇಲ್ಲಿ ಅಗತ್ಯವಿಲ್ಲ. 'ಹೊನ್ನಾಳಿ ಹೊಡ್ತ' ಎಂಬ ಮಾತು ತುಂಗಭದ್ರೆಯ ಆಚೆ ದಡವನ್ನೂ ದಾಟಿ ಹೋಗಿದೆ. ಬರೀ ಊರಿನ ಹೆಸರು ಹೇಳಿದರೆ ಆಗುವ ಕೆಲಸಕ್ಕೆ ಎರಡೂವರೆ ಕ್ವಿಂಟಲ್ ಅಡಿಕೆ ಯಾಕೆ?

ಜಗಳೂರು: ರಂಗಯ್ಯನದುರ್ಗದ ಕಾಡು ನಾಲ್ಕು ಕೊಂಬಿನ ಕೊಂಡುಕುರಿಗೆಂದು 2011ರಿಂದ ವನ್ಯಧಾಮ. ಆ ದಿಕ್ಕಿಗೆ ಸೊಂಟ ಭಾರ ಮಾಡಿಕೊಂಡು ಹೋದರೆ ಫಾರೆಸ್ಟಿನವರು ನಿಮ್ಮ ಆತ್ಮರಕ್ಷಣೆಯ ಕತೆ ಕೇಳುವುದಿಲ್ಲ. ಉಳಿದಂತೆ ಜಗಳೂರಿನವರ ಶತ್ರು ಮಳೆ ಕೊಡದ ಆಕಾಶದಲ್ಲಿದ್ದಾನೆ, ಮೂವತ್ತೆರಡರ ಗುಂಡು ಅಷ್ಟೆತ್ತರಕ್ಕೆ ಹೋಗುವುದಿಲ್ಲ.

ಚನ್ನಗಿರಿ: 2023ರ ಏಪ್ರಿಲ್‌ನಲ್ಲಿ ಈ ಭಾಗಕ್ಕೆ ಕಾಡಾನೆ ಬಂದು ಒಬ್ಬ ಹುಡುಗಿಯ ಜೀವ ಹೋಯಿತು. ಆಮೇಲೆ ನ್ಯಾಮತಿ ಕಡೆ ಅದನ್ನು ಹಿಡಿಯಲು ಸಕ್ರೆಬೈಲಿನಿಂದ ಸಾಕಾನೆಗಳು ಬಂದವು, ಅರಿವಳಿಕೆ ಚುಚ್ಚುವ ಬಂದೂಕು ಬಂತು, ಅದನ್ನು ಹಿಡಿಯಲು ಕಲಿತ ಡಾಕ್ಟರು ಬಂದರು. ಆನೆ ತಿರುಗಿ ಬಿದ್ದು ಆ ಡಾಕ್ಟರೇ ಗಾಯಗೊಂಡು ಆಸ್ಪತ್ರೆ ಸೇರಬೇಕಾಯಿತು. ಈ ವಿಚಾರಕ್ಕೆ ತಮಾಷೆ ಹೊಂದುವುದಿಲ್ಲ, ಮುಂದಕ್ಕೆ ಹೋಗುತ್ತೇನೆ.

ನ್ಯಾಮತಿ: ಹೊನ್ನಾಳಿಯಿಂದ ಬೇರೆಯಾಗಿ 2018ರಲ್ಲಿ ತಾಲ್ಲೂಕಾದ ಈ ಸಣ್ಣ ಊರಿನಲ್ಲಿ ಪಿಸ್ತೂಲಿನ ಬೇಡಿಕೆ ಏರಿದರೆ ಆಶ್ಚರ್ಯವಿಲ್ಲ. 2024ರ ಅಕ್ಟೋಬರ್ ಕೊನೆಗೆ ಇಲ್ಲಿನ ಸ್ಟೇಟ್ ಬ್ಯಾಂಕಿನಿಂದ ಜನ ಅಡವಿಟ್ಟಿದ್ದ ಚಿನ್ನ, 17.7 ಕಿಲೊ, ರಾತ್ರೋರಾತ್ರಿ ಮಾಯವಾಯಿತು. ಆದರೆ ಕೊಳ್ಳುವ ಮೊದಲು ಆ ಕಳ್ಳತನದ ಸಾಮಾನು ಪಟ್ಟಿಯನ್ನು ಓದಿಕೊಳ್ಳಿ. ಕಿಟಕಿಯ ಕಂಬಿ ತೆಗೆದರು. ಗ್ಯಾಸ್ ಕಟ್ಟರಿನಿಂದ ಲಾಕರು ಕೊಯ್ದರು. ಸಿಸಿಟಿವಿಯ ಡಿವಿಆರ್ ಡಬ್ಬಿಯನ್ನೇ ಹೊತ್ತೊಯ್ದರು. ಹೋಗುವಾಗ ಪೊಲೀಸ್ ನಾಯಿ ಮೂಸಿ ಹಿಂದೆ ಬರದಿರಲಿ ಎಂದು ಖಾರದಪುಡಿ ಚೆಲ್ಲಿದರು. ಒಬ್ಬರ ಮೇಲೂ ಕೈ ಎತ್ತಲಿಲ್ಲ, ಎದುರಿಗೆ ಯಾರೂ ಇರಲೇ ಇಲ್ಲ. ಐದು ತಿಂಗಳಾದ ಮೇಲೆ, 2025ರ ಮಾರ್ಚ್‌ನಲ್ಲಿ, ಚಿನ್ನದ ಬಹುಪಾಲು ಸಿಕ್ಕಿದ್ದು ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಒಂದು ಬಾವಿಯಲ್ಲಿ. ಹದಿನೇಳು ಮುಕ್ಕಾಲು ಕಿಲೊದಷ್ಟು ಚಿನ್ನ ಹೋದ ಕಡೆ ಅರ್ಧ ಕಿಲೊ ರಿವಾಲ್ವರಿಗೆ ಮಾಡಲಿಕ್ಕೆ ಯಾವ ಕೆಲಸವೂ ಇರಲಿಲ್ಲ. ಆಮೇಲೂ ಆ ತಾಲ್ಲೂಕಿನಲ್ಲಿ ಖಾರದಪುಡಿಗೆ ಲೈಸೆನ್ಸ್ ಬೇಕಾಗಿಲ್ಲ.

ನಿರ್ವಹಣೆ

ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಹೊರಗೆ ತೆಗೆದು ಟಿಲ್ಲರು, ಔಷಧಿ ಹೊಡೆಯುವ ಪಂಪು, ಕಾರಿನ ಜೊತೆ ಸಾಲಿನಲ್ಲಿಡಿ. ಅರಿಶಿನ ಕುಂಕುಮ ನಳಿಗೆಯ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಪೂಜೆಗೆ ಮೊದಲು ಗುಂಡು ತೆಗೆದಿಡಿ. ಮೊಮ್ಮಕ್ಕಳ ಕೈಯಲ್ಲಿ ದೀಪಾವಳಿಯ ಕೇಪು ಪಿಸ್ತೂಲು ಇರುವ ಮನೆಯಲ್ಲಿ ಇದೊಂದು ಸೂಚನೆಯನ್ನು ನಾನು ನಗದೆ ಬರೆಯುತ್ತಿದ್ದೇನೆ: ಬೀಗ, ಮತ್ತು ಬೀಗದ ಕೈ ನಿಮ್ಮ ಉಡಿದಾರದಲ್ಲಿ. ಉಡಿದಾರ ಹೊರಬಹುದಾದದ್ದು ಅದೇ.

ಲೈಸೆನ್ಸು ಈಗ ಐದು ವರ್ಷಕ್ಕೆ. ಆ ಐದು ವರ್ಷದಲ್ಲಿ ನಿಮ್ಮ ಪಿಸ್ತೂಲು ಮನೆಯಲ್ಲಿ ಎಷ್ಟು ದಿನ ಇರುತ್ತದೆ ಎಂದು ಯಾರೂ ಮೊದಲೇ ಹೇಳುವುದಿಲ್ಲ. ಎಲೆಕ್ಷನ್ ಬಂತೆಂದರೆ ಆಯುಧ ಠೇವಣಿ ಇಡಿ ಎಂದು ಡಿಸಿ ಆದೇಶ ಬರುತ್ತದೆ. 2023ರಲ್ಲಿ ಮೇ 10ರ ವಿಧಾನಸಭೆ ಚುನಾವಣೆಗೆ ನೀತಿಸಂಹಿತೆ ಮಾರ್ಚ್ 29ಕ್ಕೇ ಬಂತು. 2024ರ ಲೋಕಸಭೆಗೆ ದಾವಣಗೆರೆ ಓಟು ಹಾಕಿದ್ದು ಮೇ 7ಕ್ಕೆ, ಆದರೆ ಘೋಷಣೆ ಮಾರ್ಚ್ 16ಕ್ಕೆ, ಎಣಿಕೆ ಜೂನ್ 4ಕ್ಕೆ, ನಡುವೆ 80 ದಿನ. ಪಂಚಾಯ್ತಿ ಎಲೆಕ್ಷನ್ ಬೇರೆ, ಜಗಳಕ್ಕೆ ನಿಜವಾದ ಎಲೆಕ್ಷನ್ ಅದೇ. ಹೀಗೆ ದೊಡ್ಡಪ್ಪನ ಮಗ ಎದುರು ಪಕ್ಷದ ಬಾವುಟ ಹಿಡಿದು ನಿಮ್ಮ ಮನೆ ಮುಂದೆಯೇ ಘೋಷಣೆ ಕೂಗುವ ಹೊತ್ತಿಗೆ ಸರಿಯಾಗಿ ನಿಮ್ಮ ಸಿಡಿಲು ಠಾಣೆಯ ಬೀರುವಿನಲ್ಲಿ, ಹೆಸರಿನ ಚೀಟಿ ಕಟ್ಟಿಸಿಕೊಂಡು, ಮಿಕ್ಕ ಗೌಡರ ಸಿಡಿಲುಗಳ ಜೊತೆ ಮಲಗಿರುತ್ತದೆ.

ಠೇವಣಿ ಇಟ್ಟಾಗ ಠಾಣೆಯವರು ಒಂದು ರಶೀದಿ ಕೊಡುತ್ತಾರೆ. ಇದನ್ನು ಸರಿಯಾಗಿ ಗಮನಿಸಿ. ತೂಕವಿಲ್ಲ. ಪಂಚೆ ಜಾರುವುದಿಲ್ಲ. ಒರೆ ಬೇಡ, ಎಣ್ಣೆ ಬೇಡ, ಅಂಗಿಯ ಮೇಲುಜೇಬಿನಲ್ಲಿ ಸುಖವಾಗಿ ಕೂರುತ್ತದೆ. ಮುಚ್ಚಿಟ್ಟುಕೊಳ್ಳಿ ಎಂದು ಯಾವ ನಿಯಮದಲ್ಲೂ ಇಲ್ಲ. ಚಹಾದಂಗಡಿಯಲ್ಲಿ ಚಿಲ್ಲರೆ ಹುಡುಕುವ ನೆಪದಲ್ಲಿ ಹೊರಗೆ ತೆಗೆದು, ಬಿಡಿಸಿ, "ಥತ್, ಇದೊಂದು, ಸ್ಟೇಷನ್ನಿಂದ್ ಬಿಡಿಸ್ಕಂಡ್ ಬರಬೇಕು" ಎಂದು ಗೊಣಗಿ ಮತ್ತೆ ಮಡಚಬಹುದು. ಪಕ್ಕದವರು ಓದಿಕೊಳ್ಳಲು ಬೇಕಾಗುವಷ್ಟು ಹೊತ್ತು ನಿಧಾನವಾಗಿ ಮಡಚಿ.

ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಎಲೆಕ್ಷನ್ ಮುಗಿದ ಮೇಲೆ ಅದರ ಬೆನ್ನಿನ ಮೇಲೆ ಸಹಿ ಹಾಕಬೇಕಾಗುತ್ತದೆ.