ಲೆಕ್ಕಾಚಾರ್ಯರ ಕಾರು

ನಮ್ಮ ಬಡಾವಣೆಯಲ್ಲಿ ಕಾರು ಕೊಳ್ಳಬೇಕೆನ್ನುವವರು ಶೋರೂಮಿಗಿಂತ ಮೊದಲು ಲೆಕ್ಕಾಚಾರ್ಯರ ಮನೆಗೆ ಹೋಗುತ್ತಾರೆ. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಅದು ಈಗ ಆಧಾರ್ ಕಾರ್ಡಿನಲ್ಲಿ ಮಾತ್ರ ಉಳಿದುಕೊಂಡಿದೆ. ವಿಮಾ ಕಚೇರಿಯಲ್ಲಿ ಮೂವತ್ತೈದು ವರ್ಷ ಕೂಡಿ ಕಳೆದು ನಿವೃತ್ತರಾದ ಜೀವ. ತಳ್ಳುಗಾಡಿಯಲ್ಲಿ ಅರ್ಧ ಕೆ.ಜಿ. ಹುರುಳಿಕಾಯಿ ಕೊಂಡರೂ ಕಾಲು ಕೆ.ಜಿ.ಯ ದರದ ಜೊತೆ ತಾಳೆ ನೋಡಿಯೇ ಚೀಲ ಚಾಚುತ್ತಾರೆ. ನಿಮ್ಮ ಬೀದಿಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಹೆಸರು ಬೇರೆ, ಕ್ಯಾಲ್ಕುಲೇಟರ್ ಅದೇ.

ಅವರು ಓಡಿಸುವುದು 2008ರ ಸಣ್ಣ ಪೆಟ್ರೋಲ್ ಕಾರು. ಅದಕ್ಕೆ ಹದಿನೈದು ತುಂಬುವುದರೊಳಗೆ ಹೊಸದು ತರುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಉಳಿದದ್ದು ಒಂದೇ ಪ್ರಶ್ನೆ: ಹೈಬ್ರಿಡ್ಡೋ, ಬರೀ ಪೆಟ್ರೋಲೋ? ಉತ್ತರ ಸಿಗುವಷ್ಟರಲ್ಲಿ ಕಾರಿಗೆ ಹದಿನೈದು ತುಂಬಿಯೇಬಿಟ್ಟಿತು. ಆಚಾರ್ಯರು ಆರ್‌ಟಿಒಗೆ ಹೋಗಿ, ಎಫ್‌ಸಿ ಮಾಡಿಸಿ, ಗ್ರೀನ್ ಟ್ಯಾಕ್ಸ್ ಕಟ್ಟಿ, ಅದಕ್ಕೆ ಇನ್ನೈದು ವರ್ಷ ಆಯಸ್ಸು ಬರೆಸಿಕೊಂಡು ಬಂದರು. “ಅವಸರ ಏನಿದೆ ಸ್ವಾಮಿ? ಈಗ 2028ರವರೆಗೂ ಟೈಮಿದೆ” ಎಂದು ನೆಮ್ಮದಿಯ ಉಸಿರು ಬಿಟ್ಟರು.

ಹೈಬ್ರಿಡ್ ಎಂದರೇನು ಎಂದು ಅವರ ಮುಂದೆ ಯಾರೂ ಕೇಳಬಾರದು. ಒಮ್ಮೆ ಕ್ಷೌರದಂಗಡಿಯ ಹುಡುಗ ಅವರ ಅರ್ಧ ಗಡ್ಡಕ್ಕೆ ಸೋಪು ಹಚ್ಚಿ, ಸುಮ್ಮನಿರಲಾರದೆ, “ಸಾರ್, ಈ ಹೈಬ್ರಿಡ್ ಗಾಡಿನ ರಾತ್ರಿ ಚಾರ್ಜಿಗೆ ಹಾಕ್ಬೇಕಾ?” ಎಂದುಬಿಟ್ಟ. ಆಚಾರ್ಯರು ಅವನ ಕತ್ತಿಯ ಕೈ ಹಿಡಿದು ನಿಲ್ಲಿಸಿದರು. “ಎರಡೆತ್ತಿನ ಗಾಡಿ ನೋಡಿದೀಯೇನಯ್ಯಾ? ಒಂದೆತ್ತು ಪೆಟ್ರೋಲ್ ಕುಡಿದು ಎಳೆಯುತ್ತೆ. ಇನ್ನೊಂದಕ್ಕೆ ನೀನೇನೂ ಹಾಕಬೇಕಾಗಿಲ್ಲ, ಇಳಿಜಾರಲ್ಲಿ, ಬ್ರೇಕ್ ಹಾಕಿದಾಗ ತಾನೇ ಮೇಯ್ಕೊಂಡು ಬರುತ್ತೆ. ಮೆಲ್ಲಗೆ ಹೋಗುವಾಗ ಮೇಯ್ದ ಎತ್ತು ಒಂದೇ ಎಳೆಯುತ್ತೆ, ಕುಡಿಯೋದು ಮಲಗಿರುತ್ತೆ. ಏರು ಬಂದ್ರೆ ಎರಡೂ ಹೆಗಲು ಕೊಡ್ತವೆ.” ಹುಡುಗ ತಲೆಯಾಡಿಸಿದ. ಸೋಪು ಒಣಗಿತ್ತು. ಆದರೂ ಮುಗಿಯಲಿಲ್ಲ. ಮೈಲ್ಡ್ ಹೈಬ್ರಿಡ್ ಎನ್ನುವುದು ಬೇರೆ, ಅದರಲ್ಲಿ ಮೋಟರು ಎಂಜಿನ್ನಿಗೆ ಸ್ವಲ್ಪ ಕೈ ಜೋಡಿಸುತ್ತದಷ್ಟೇ, ತಾನೊಂದೇ ಗಾಡಿ ಎಳೆಯಲಾರದು, ಎಳೆಯುವುದು ಸ್ಟ್ರಾಂಗ್ ಹೈಬ್ರಿಡ್ ಮಾತ್ರ, ಮಾರುವವರು ಎರಡಕ್ಕೂ ಹೈಬ್ರಿಡ್ ಎಂದೇ ಹೇಳಿ ಯಾಮಾರಿಸುತ್ತಾರೆ ಎಂಬ ಉತ್ತರಾರ್ಧವೂ ಆಯಿತು. ಹಿಂದೆ ಕಾಯುತ್ತಿದ್ದ ಇಬ್ಬರು ಗಿರಾಕಿಗಳು ಗಡ್ಡದ ಸಮೇತ ಎದ್ದುಹೋದರು.

ಜಪಾನಿನಲ್ಲಿ ಟೊಯೊಟಾದವರು 1997ರಲ್ಲಿ ಪ್ರಿಯಸ್ ಬಿಟ್ಟದ್ದು, ಅದೇ ವರ್ಷ ನಮ್ಮ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಂಪನಿ ಸ್ಥಾಪನೆಯಾದದ್ದು ಎರಡೂ ಅವರಿಗೆ ಬಾಯಿಪಾಠ. 2008ರಲ್ಲಿ ಹೋಂಡಾದವರು ಸಿವಿಕ್ ಹೈಬ್ರಿಡ್ಡನ್ನು ಭಾರತಕ್ಕೆ ತಂದು, ಕೊಳ್ಳುವವರಿಲ್ಲದೆ ಅದೇ ವರ್ಷ ಲಕ್ಷಗಟ್ಟಲೆ ಬೆಲೆ ಇಳಿಸಿದ ಪ್ರಸಂಗವನ್ನಂತೂ ಪುರಾಣದ ಕಥೆಯ ಹಾಗೆ ಹೇಳುತ್ತಾರೆ. ಫಲಶ್ರುತಿ: ಮೊದಲು ಕೊಂಡವರು ಕೆಟ್ಟರು, ಕಾದವರು ಗೆದ್ದರು.

2022ರಲ್ಲಿ ಬಿಡದಿಯಿಂದಲೇ ಟೊಯೊಟಾದ ಹೈರೈಡರ್ ಹೈಬ್ರಿಡ್ ಹೊರಬಂತು. ಅದರ ಜೊತೆಗಾರ ಗ್ರ್ಯಾಂಡ್ ವಿಟಾರಾ ಮಾರುತಿಯವರ ಹೆಸರಿನಲ್ಲಿ ಅದೇ ಕಾರ್ಖಾನೆಯಿಂದ ಬಂತು. ನಮ್ಮ ನಾಗರಭಾವಿಯಿಂದ ಬಿಡದಿಗೆ ಎಷ್ಟು ಮಹಾ ದೂರ? ಭಾನುವಾರ ಬೆಳಿಗ್ಗೆ ತಟ್ಟೆ ಇಡ್ಲಿ ತಿನ್ನಲು ಹೋಗುವ ದೂರದಲ್ಲಿ ಹೈಬ್ರಿಡ್ ತಯಾರಾಗುತ್ತಿದೆ ಎಂದಮೇಲೆ ಆಚಾರ್ಯರು ಸುಮ್ಮನಿರುವುದುಂಟೆ? ಮಗನ ಹಳೆಯ ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಹಾಳೆ ತೆರೆದರು.

ಹಾಳೆಯ ಸಾರ ಇಷ್ಟು. ಒಂದೇ ಅಂತಸ್ತಿನ ಪೆಟ್ರೋಲ್ ಗಾಡಿಗಿಂತ ಸ್ಟ್ರಾಂಗ್ ಹೈಬ್ರಿಡ್‌ಗೆ, ತೆರಿಗೆ ಎಲ್ಲ ಸೇರಿ, 4 ಲಕ್ಷ ಹೆಚ್ಚು ಎಂದು ಹಿಡಿಯಿರಿ. ಬೀದಿಯ ಕಾರಿನವರನ್ನೆಲ್ಲ ವಿಚಾರಿಸಿ ಅವರು ತೆಗೆದ ಸರಾಸರಿಯಂತೆ, ಊರೊಳಗೆ ಪೆಟ್ರೋಲ್ ಗಾಡಿ ಲೀಟರಿಗೆ 12 ಕಿ.ಮೀ. ಕೊಟ್ಟರೆ ಹೈಬ್ರಿಡ್ 22 ಕೊಡುತ್ತದೆ. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದಿಟ್ಟುಕೊಳ್ಳಿ. ಆಚಾರ್ಯರ ಓಡಾಟ ಗಾಳಿ ಆಂಜನೇಯನ ಗುಡಿ, ಜಯನಗರದ ಮಗಳ ಮನೆ, ವರ್ಷಕ್ಕೆ ಮೂರು ಸಲ ತಿಪಟೂರಿನ ತೋಟ ಎಲ್ಲ ಸೇರಿ 3,000 ಕಿ.ಮೀ. ಅಂದರೆ ವರ್ಷಕ್ಕೆ ಉಳಿಯುವುದು 114 ಲೀಟರ್, ರೂಪಾಯಿಯಲ್ಲಿ 11,742. ಹೆಚ್ಚು ಕೊಟ್ಟ 4 ಲಕ್ಷ ವಾಪಸು ಬರಲು 34 ವರ್ಷ ಬೇಕು. ಆಚಾರ್ಯರಿಗೆ ಆಗ ಅರವತ್ತು. ತೊಂಬತ್ತನಾಲ್ಕನೆಯ ವಯಸ್ಸಿನಿಂದ ಮುಂದೆ ಎಲ್ಲ ಲಾಭವೇ ಲಾಭ.

ಮನೆಯಾಕೆ ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡು, “ಆಗ ಗಾಡಿ ಓಡಿಸೋರು ಯಾರು ಅಂತಾನೂ ಒಂದು ಕಾಲಂ ಹಾಕಿಬಿಡಿ ರೀ” ಎಂದರು. ತಮಾಷೆಗೆ ಹೇಳಿದ್ದು. ಆಚಾರ್ಯರು ಹಾಕಿದರು. ವಿಮೆಯವರಲ್ಲವೇ, ಮರಣದ ಕೋಷ್ಟಕ ಕೈಯಲ್ಲೇ ಇತ್ತು.

ಇಷ್ಟಾದಮೇಲೆ ಬರೀ ಪೆಟ್ರೋಲ್ ಗಾಡಿ ತರಬೇಕಾದದ್ದು ನ್ಯಾಯ. ಆದರೆ ಲೆಕ್ಕ ಒಂದು ಉತ್ತರ ಕೊಟ್ಟ ತಕ್ಷಣ ಆಚಾರ್ಯರಿಗೆ ಆ ಉತ್ತರದ ಮೇಲೆ ಅನುಮಾನ ಹುಟ್ಟುತ್ತದೆ. “ನಾಳೆ ಮೊಮ್ಮಗನನ್ನ ಸ್ಕೂಲಿಗೆ ಬಿಡೋ ಕೆಲಸ ನನಗೇ ಬಂತು ಅಂದ್ಕೊಳ್ಳಿ. ರನ್ನಿಂಗ್ ಜಾಸ್ತಿ ಆಗಲ್ವೇ?” ಎಂದರು. ಮೊಮ್ಮಗನಿಗೆ ಆಗಿನ್ನೂ ಹಲ್ಲು ಬಂದಿರಲಿಲ್ಲ.

ಟೆಸ್ಟ್ ಡ್ರೈವಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಜನ ಬೆಳಿಗ್ಗೆ ರಸ್ತೆ ಖಾಲಿ ಇರುವಾಗ ಗಾಡಿ ಓಡಿಸಿ ನೋಡುತ್ತಾರೆ; ಇವರು ಸಂಜೆ ಆರು ಗಂಟೆಯ ನಾಯಂಡಹಳ್ಳಿ ಜಂಕ್ಷನ್ನೇ ಬೇಕೆಂದರು. ಕೈಯಲ್ಲಿ ಅಳತೆಯ ಟೇಪು, ಕಂಕುಳಲ್ಲಿ ಮಡಿಸಿದ ಗೋಣಿಚೀಲ. ಹಾಸನದ ಕಡೆಯ ಸೇಲ್ಸ್ ಹುಡುಗ ಕೈ ಮುಗಿದು, “ಎಆರ್‌ಎಐ ಮೈಲೇಜ್ 27.97 ಸಾರ್, ಸೆಗ್ಮೆಂಟಿನಲ್ಲೇ ಇದಕ್ಕಿಂತ ಜಾಸ್ತಿ ಯಾರಿಗೂ ಇಲ್ಲ” ಎಂದು ಶುರುಮಾಡಿದ.

“ಪೂರ್ತಿ 28 ಯಾಕಿಲ್ಲ?”

ಹುಡುಗನಿಗೆ ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ.

ಬಟನ್ ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು. ಹುಡುಗ, “ಸಾರ್, ಮೊದಲನೇ ಸಲವೇ ಆನ್ ಆಗಿತ್ತು, ಈಗ ಆಫ್ ಮಾಡಿದ್ರಿ” ಎಂದ. ಮೂರನೆಯ ಸಲ ಒತ್ತಿ, ಕಿವಿಯನ್ನು ಡ್ಯಾಶ್‌ಬೋರ್ಡಿನ ಹತ್ತಿರ ಒಯ್ದು, ಏನೂ ಕೇಳಿಸದೆ ನನ್ನ ಮುಖ ನೋಡಿದರು. “ಇಷ್ಟು ದುಡ್ಡು ಕೊಟ್ಟಮೇಲೆ ಒಂದು ಗುರ್ ಅನ್ನೋದು ಬೇಡ್ವೇ? ಹಿಂದಿನಿಂದ ಹೋದ್ರೆ ಬೀದಿನಾಯಿಗೂ ಗೊತ್ತಾಗಲ್ಲ.” ಗಾಡಿ ಬೆಣ್ಣೆ ಸವರಿದ ಹಾಗೆ ಮೈಸೂರು ರಸ್ತೆಗೆ ಇಳಿಯಿತು. ನಾಯಂಡಹಳ್ಳಿಯಲ್ಲಿ ಎಲ್ಲ ನಿಂತಿತು. ಹಿಂದೆ ಬಿಎಂಟಿಸಿ, ಪಕ್ಕದಲ್ಲಿ ನೀರಿನ ಟ್ಯಾಂಕರ್, ಮುಂದೆ ಜಲ್ಲಿ ತುಂಬಿದ ಟಿಪ್ಪರ್. ಸುತ್ತಲಿನವರೆಲ್ಲ ಹಾರನ್ ಒತ್ತಿ ಶಾಪ ಹಾಕುತ್ತಿದ್ದಾಗ ಆಚಾರ್ಯರ ಮುಖದಲ್ಲಿ ಮಾತ್ರ ಮಂದಹಾಸ. ಎಂಜಿನ್ ಆಫ್, ಎಸಿ ಬ್ಯಾಟರಿಯಲ್ಲಿ, ಪೆಟ್ರೋಲ್ ಖರ್ಚು ಸೊನ್ನೆ! “ನೋಡಿದ್ರಾ, ಜಾಮ್ ಆದಷ್ಟೂ ಎಲ್ಲರಿಗೂ ನಷ್ಟ, ನಮಗೆ ಲಾಭ” ಎಂದರು. ಹಸಿರು ದೀಪ ಬಂದಾಗ ಅವರಿಗೆ ಬೇಜಾರಾದದ್ದನ್ನು ನಾನು ಕಣ್ಣಾರೆ ಕಂಡೆ.

ಶೋರೂಮಿಗೆ ಮರಳಿದಮೇಲೆ ಗೋಣಿಚೀಲದ ಪರೀಕ್ಷೆ. ಹೈಬ್ರಿಡ್ಡಿನ ಬ್ಯಾಟರಿ ಡಿಕ್ಕಿಯ ಜಾಗವನ್ನು ಅಷ್ಟಿಷ್ಟು ನುಂಗಿರುತ್ತದೆ. ತಿಪಟೂರಿನಿಂದ ಬರುವ ತೆಂಗಿನಕಾಯಿ ಮೂಟೆ ಎಲ್ಲಿ ಕೂರಬೇಕು? ಹುಡುಗ, “ಸೀಟ್ ಮಡಚಿದ್ರೆ ಆಯ್ತು ಸಾರ್” ಎಂದ. “ಸೀಟ್ ಮಡಚಿದ್ರೆ ನಮ್ಮತ್ತೆ ಎಲ್ಲಿ ಕೂರಬೇಕು?” ಎಂದು ಆಚಾರ್ಯರು ಕೇಳಿದರು. ಬ್ಯಾಟರಿ ಹೋದರೆ ಗತಿ ಏನೆಂದಾಗ ಅವನು ಧೈರ್ಯವಾಗಿ, ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಎಂದ. “ನಾನು 1.6 ಲಕ್ಷ ಓಡಿಸೋಕೆ ಐವತ್ತಮೂರು ವರ್ಷ ಬೇಕಪ್ಪಾ. ಕಿಲೋಮೀಟರ್ ಲೆಕ್ಕದಲ್ಲೇ ವಾರಂಟಿ ಕೊಡಿ, ವರ್ಷದ ಲೆಕ್ಕ ಬೇಡ” ಎಂದರು. ಹುಡುಗ ಮ್ಯಾನೇಜರನ್ನು ಕರೆಯಲು ಹೋದವನು ಬಹಳ ಹೊತ್ತು ಬರಲಿಲ್ಲ.

ಇನ್ನು ಪಂಚಾಂಗದ ಕಾಟ. ಗಾಡಿಗೆ ಆಫರ್ ಬರುವುದು ಆಷಾಢದಲ್ಲಿ, ಕೊಳ್ಳುವವರಿಲ್ಲವೆಂದು. ಆಷಾಢದಲ್ಲಿ ಮನೆಯಾಕೆ ಪೊರಕೆಯನ್ನೂ ಹೊಸದು ತರುವುದಿಲ್ಲ. ಆಮೇಲಿನ ದೊಡ್ಡ ಆಫರ್ ಡಿಸೆಂಬರಿನಲ್ಲಿ, ಅಷ್ಟೊತ್ತಿಗೆ ಧನುರ್ಮಾಸ. ಅದು ಮುಗಿದು ಸಂಕ್ರಾಂತಿ ಬರುವ ಹೊತ್ತಿಗೆ ಕಂಪನಿಯವರು ಹೊಸ ವರ್ಷದ ಬೆಲೆ ಏರಿಸಿರುತ್ತಾರೆ. ಆಯುಧಪೂಜೆಗೆ ಮುಹೂರ್ತ ಪ್ರಶಸ್ತ, ಆಫರ್ ಇಲ್ಲ. ಗಾಡಿ ಸಿಕ್ಕರೆ ಅದೇ ಪುಣ್ಯ. ದೇವರು ಒಪ್ಪಿದಾಗ ಡೀಲರ್ ಒಪ್ಪುವುದಿಲ್ಲ, ಡೀಲರ್ ಒಪ್ಪಿದಾಗ ದೇವರು ಒಪ್ಪುವುದಿಲ್ಲ.

ನಡುವೆ ಉತ್ತರ ಪ್ರದೇಶದ ಕಾಂಡವೊಂದು ನಡೆಯಿತು. 2024ರ ಜುಲೈಯಲ್ಲಿ ಅಲ್ಲಿನ ಸರ್ಕಾರ ಸ್ಟ್ರಾಂಗ್ ಹೈಬ್ರಿಡ್‌ಗಳ ನೋಂದಣಿ ತೆರಿಗೆಯನ್ನು ಮನ್ನಾ ಮಾಡಿತು. ನಮ್ಮಲ್ಲಿ 10ರಿಂದ 20 ಲಕ್ಷದೊಳಗಿನ ಕಾರಿಗೆ ಶೇ. 17ರಷ್ಟು ರಸ್ತೆ ತೆರಿಗೆ, ಅದರ ನೆತ್ತಿಯ ಮೇಲೆ ಸೆಸ್ ಬೇರೆ. ಆಚಾರ್ಯರಿಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಬಿಡದಿಯಲ್ಲಿ ಹುಟ್ಟಿದ ಗಾಡಿ ರಾಮನಗರದವನಿಗೆ ದುಬಾರಿ, ಲಕ್ನೋದವನಿಗೆ ಅಗ್ಗ! ಷಡ್ಡಕನ ಮಗ ಲಕ್ನೋದಲ್ಲಿ ಕೆಲಸದಲ್ಲಿದ್ದ. ಅವನ ಹೆಸರಿನಲ್ಲಿ ಕೊಂಡು ಓಡಿಸಿಕೊಂಡು ಬಂದರೆ ಹೇಗೆ ಎಂದು ಹೊಸ ಹಾಳೆ ತೆರೆದರು. ಇಲ್ಲಿಗೆ ತಂದು ಇಟ್ಟುಕೊಂಡರೆ ಇಲ್ಲಿನ ತೆರಿಗೆ ಕಟ್ಟಲೇಬೇಕೆಂದು ಆರ್‌ಟಿಒ ಏಜೆಂಟ್ ತಿಳಿಸಿದಾಗ ಹಾಳೆ ಮುಚ್ಚಿತು. ಅಷ್ಟರಲ್ಲಿ ದಾರಿಯ ಟೋಲ್‌ಗಳ ಮೊತ್ತ, ಊಟ, ಕಾಶಿಯಲ್ಲಿ ಒಂದು ದಿನದ ತಂಗುವಿಕೆ ಎಲ್ಲವೂ ಅದರಲ್ಲಿ ದಾಖಲಾಗಿತ್ತು.

ಆಚಾರ್ಯರಿಗೆ ನಿಜವಾಗಿ ಕೇಡಾದದ್ದು 2025ರ ಸೆಪ್ಟೆಂಬರ್ 22ರಂದು. ಅಂದು ಜಿಎಸ್‌ಟಿ ಬದಲಾಯಿತು. ನಾಲ್ಕು ಮೀಟರಿನೊಳಗಿನ ಸಣ್ಣ ಪೆಟ್ರೋಲ್ ಕಾರುಗಳ ತೆರಿಗೆ ಶೇ. 28ರಿಂದ 18ಕ್ಕೆ ಇಳಿಯಿತು, ಜೊತೆಗಿದ್ದ ಸೆಸ್ಸೂ ಹೋಯಿತು. ಇವರು ನೋಡಿಟ್ಟಿದ್ದ ಹೈಬ್ರಿಡ್ ಸೆಸ್ ಸೇರಿ 43ರಲ್ಲಿದ್ದದ್ದು 40ಕ್ಕೆ ಬಂತು. ಅಂದು ನವರಾತ್ರಿಯ ಮೊದಲ ದಿನ, ಹಿಂದಿನ ದಿನವಷ್ಟೇ ಪಿತೃಪಕ್ಷ ಮುಗಿದಿತ್ತು. “ಸರ್ಕಾರಕ್ಕೂ ಪಂಚಾಂಗ ಗೊತ್ತು ಸ್ವಾಮಿ!” ಎಂದು ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ಕೊಂಡದ್ದಕ್ಕಲ್ಲ, ಕೊಳ್ಳದೆ ಇದ್ದದ್ದಕ್ಕೆ. ಕಾಯುವ ಚಟಕ್ಕೆ ಅಂದು ಬಹುಮಾನ ಸಿಕ್ಕಿಬಿಟ್ಟಿತು. ಇನ್ನೂ ಸ್ವಲ್ಪ ಕಾದರೆ ಇನ್ನೂ ಇಳಿಯುವುದಿಲ್ಲವೆಂದು ಯಾರು ಹೇಳಬಲ್ಲರು? ವಿದ್ಯುತ್ ಕಾರಿಗೆ ಬರೀ 5 ಪರ್ಸೆಂಟಂತಲ್ಲ ಎಂದು ಮನೆಯಾಕೆ ನೆನಪಿಸಿದರು. ಅದು ಬೇರೆ ಹಾಳೆ ಎಂದರು ಆಚಾರ್ಯರು.

ಇವರ ವಿದ್ಯೆ ಸುಳ್ಳೆಂದು ಮಾತ್ರ ಯಾರೂ ತಿಳಿಯಬೇಡಿ. ನಮ್ಮ ಬೀದಿಯಲ್ಲಿ ಇವರ ಸಲಹೆ ಕೇಳಿ ಕಾರು ಕೊಂಡವರೆಲ್ಲ ಸುಖವಾಗಿದ್ದಾರೆ. ಮೂಲೆಮನೆಯ ಔಷಧ ಕಂಪನಿಯ ರೆಪ್ ದಿನವೂ ಊರೆಲ್ಲ ಸುತ್ತುವವನು. ಅವನ ಕೈಯಲ್ಲಿ ಹೈಬ್ರಿಡ್ ತೆಗೆಸಿದರು. ವರ್ಷಕ್ಕೆ 20,000 ಕಿ.ಮೀ. ಓಡುವ ಅವನ ಗಾಡಿ ಹೆಚ್ಚು ಕೊಟ್ಟ ದುಡ್ಡನ್ನು ಐದಾರು ವರ್ಷದಲ್ಲಿ ತೀರಿಸಲಿದೆ. ಎದುರುಮನೆಯ ನಿವೃತ್ತ ಮೇಷ್ಟರಿಗೆ, ಗುಡಿಗೂ ಮದುವೆಮನೆಗೂ ಹೋಗಿಬರಲು ಸಣ್ಣ ಪೆಟ್ರೋಲ್ ಗಾಡಿ ಸಾಕು, ಉಳಿದದ್ದನ್ನು ಎಫ್‌ಡಿ ಇಡಿ ಎಂದರು. ಮೇಷ್ಟರು ಹಾಗೆಯೇ ಮಾಡಿ ಬಡ್ಡಿಯಲ್ಲಿ ಪೆಟ್ರೋಲ್ ಹಾಕಿಸುತ್ತಾರೆ. ಮೇಷ್ಟರ ಓಡಾಟಕ್ಕೂ ಆಚಾರ್ಯರ ಓಡಾಟಕ್ಕೂ ಒಂದು ಕಿಲೋಮೀಟರಿನ ವ್ಯತ್ಯಾಸವಿಲ್ಲ. ಆದರೆ ಊರಿಗೆಲ್ಲ ಔಷಧಿ ಕೊಟ್ಟ ವೈದ್ಯರು ಸ್ವಂತ ಕೆಮ್ಮಿಗೆ ಇನ್ನೂ ಪುಸ್ತಕ ತಿರುವುತ್ತಿದ್ದಾರೆ.

ಆ ಸೇಲ್ಸ್ ಹುಡುಗ ಈಗ ಅದೇ ಶೋರೂಮಿನ ಮ್ಯಾನೇಜರ್. ಅವನ ಮದುವೆಗೆ ಆಚಾರ್ಯರು ಸಪತ್ನೀಕರಾಗಿ ಹಾಸನಕ್ಕೆ ಹೋಗಿ ಉಡುಗೊರೆ ಕೊಟ್ಟು ಬಂದರು, 2008ರ ಕಾರಿನಲ್ಲೇ. ದಾರಿಯಲ್ಲಿ ಅದು ಲೀಟರಿಗೆ 16 ಕೊಟ್ಟಿತಂತೆ. ಇದರಿಂದ ಲೆಕ್ಕ ಮತ್ತೆ ಬದಲಾಗಿದೆ.

ಕಾರು ಕೊಳ್ಳುವ ಯೋಚನೆಯಲ್ಲಿರುವ ಓದುಗರಿಗೆ ಎಕ್ಸೆಲ್ ಹಾಳೆ ಬೇಕಾಗಿಲ್ಲ. ಈಗಿರುವ ಗಾಡಿಯ ಮೀಟರ್ ಓದಿ, ವರ್ಷಕ್ಕೆಷ್ಟು ಓಡುತ್ತಿದೆ ನೋಡಿ. ಅದರಲ್ಲಿ ಹೆಚ್ಚಿನದು ಊರೊಳಗಿನ ಸಿಗ್ನಲ್‌ಗಳ ನಡುವೆ, ಒಟ್ಟು 15,000 ಕಿ.ಮೀ. ದಾಟುತ್ತದೆ, ಏಳೆಂಟು ವರ್ಷ ಗಾಡಿ ಮಾರುವುದಿಲ್ಲ ಎನ್ನುವುದಾದರೆ ಹೈಬ್ರಿಡ್ ತನ್ನಿ. ಅದಕ್ಕಿಂತ ತೀರ ಕಡಿಮೆಯಾದರೆ ಬರೀ ಪೆಟ್ರೋಲ್ ಸಾಕು. ಯಾವುದಾದರೂ ಸರಿ, ತಂದುಬಿಡಿ. ತರುವ ಹಿಂದಿನ ದಿನ ನಿಮ್ಮ ಬೀದಿಯ ಲೆಕ್ಕಾಚಾರ್ಯರು ಬಾಗಿಲು ತಟ್ಟಿದರೆ ಕೂರಿಸಿ ಕಾಫಿ ಕೊಡಿ. ಬುಕ್ ಮಾಡಿದ ರಸೀದಿಯನ್ನು ಮಾತ್ರ ತೋರಿಸಬೇಡಿ.