ಕದ ಮುರಿದ ಮೇಲೆ

(ಇಳಕಲ್ಲು, ನಡುರಾತ್ರಿ. ಮುರಿದ ಕದದ ಮೇಲೆ ಫೌಜದಾರ, ಕುಣಿಮಗ್ಗದಲ್ಲಿ ಕಾಕಾ.)

ಫೌಜದಾರ: ಎಲ್ಲೈತಿ ಇಸ್ಪೀಟು?

ಕಾಕಾ: ಬಾಜೂ ಓಣ್ಯಾಗರೀ ಸಾಹೇಬ್ರ. ಈ ಸಪ್ಪಳಕ್ಕ ಅವರು ಹುನಗುಂದ ದಾಟಿರಬೇಕು.

ಫೌಜದಾರ: ಕದ ಯಾಕ ತೆರೀಲಿಲ್ಲ?

ಕಾಕಾ: ಬಡದ್ರಲ್ಲೇನ್ರೀ ತೆರಿಯೋದು! ಕಾಲು ಕುಣ್ಯಾಗ ಅದಾವು, ಏಳಾಕ ಹೊತ್ತು ಬ್ಯಾಡ್ರೀ?

ಫೌಜದಾರ: ಬಡದ್ರ ಸಾಕ್ಷಿ ಓಡಿ ಹೊಕ್ಕಾವು.

ಕಾಕಾ: ಒದ್ದದ್ದಕ್ಕ ಕಳ್ಳರಂತ ನನ್ನ ಮಗ ಕೊಡ್ಲಿ ಎತ್ತಿದ್ದ. ನಿಮ್ಮ ಕೈಯಾಗ ಪಿಸ್ತೂಲು. ಪಂಚನಾಮಾ ಯಾರದಾಗತಿತ್ತು?

ಫೌಜದಾರ: ಕಾನೂನು ಕಲಸ್ತೀಯೇನು?

ಕಾಕಾ: 2023ರ ನಾಗರಿಕ ಸುರಕ್ಷಾ ಸಂಹಿತೆ, 44ನೇ ಕಲಂ: ಮೊದಲು ಯಾರು, ಯಾಕ ಬಂದೇವಿ ಅಂತ ಹೇಳಿ ಒಳಗ ಬಿಡು ಅನ್ನಬೇಕು; ಬಿಡದಿದ್ರ ಮುರೀಬೇಕು. 105ರಾಗ ಶೋಧದ ವಿಡಿಯೊನೂ ಬೇಕು.

ಫೌಜದಾರ: ಮೊಬೈಲ್ ಚಾರ್ಜ್ ಇಲ್ಲ.

ಕಾಕಾ: ಕದದ ರೊಕ್ಕ?

ಫೌಜದಾರ: ಅದು 44ರಾಗ ಬರದಿಲ್ಲ.